ಓಮ್ನಿಯ ತುಕ್ಕಿಗೆ ಮೂರು ಮದ್ದು: ಹೊಸ ಬಾಗಿಲು, ಗುಜರಿ ಬಾಗಿಲು, ಮೇಸ್ತ್ರಿಯ ಸುತ್ತಿಗೆ

ನಮ್ಮ ಮನೆಯ ಓಮ್ನಿ 1994ರದ್ದು. ಕ್ಲಾಸಿಕ್ ಗಾಡಿ ಅಂದರೆ ನಗಬೇಡಿ ಮಾರಾಯ್ರೇ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು 2019ರಲ್ಲಿ ನಿಂತುಹೋದ ಗಾಡಿ ಅದು, ಇನ್ನು ಹೊಸತು ಸಿಗುವುದಿಲ್ಲ. 796 ಸಿಸಿಯ ಎಂಜಿನ್ ಈಗಲೂ ಕೀ ಒಂದು ಸಲ ತಿರುಗಿಸಿದರೆ ಸ್ಟಾರ್ಟ್. ಬಾಡಿಯನ್ನು ಮಾತ್ರ ಕಾಸರಗೋಡಿನ ಕುಂಬಳೆಯ ಉಪ್ಪುಗಾಳಿ ಮತ್ತು ಮಳೆ ಸೇರಿ ತಿಂದು ಮುಗಿಸಿದ್ದವು.

2024ರಲ್ಲಿ ಆರ್‌ಸಿ ರಿನೀವಲ್ ಬಂತು. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ಗಾಡಿ ತೋರಿಸಬೇಕಲ್ವಾ? ಟಿಂಕರಿಂಗ್ ಮೇಸ್ತ್ರಿ ಬಾಗಿಲ ಕೆಳಗೆ ಬಾಡಿಗೆ ಸೇರಿದ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರು, ಹಿಡಿಯವರೆಗೂ ಒಳಗೆ ಹೋಯಿತು. "ಇದ್ ಮೊತ್ತಂ ತುರುಂಬಾಣಲ್ಲೋ" ಅಂದರು ಮಲಯಾಳದಲ್ಲಿ, ಇದು ಪೂರ್ತಿ ತುಕ್ಕಲ್ವಾ ಅಂತ. ಕಿತ್ತು ನೋಡಿದರೆ ಹಳೇ ರಿಪೇರಿಯವರು ಒಳಗೆ ಪೇಪರ್ ತುರುಕಿ ಮೇಲೆ ಬೆರಳು ದಪ್ಪ ಪುಟ್ಟಿ ಎಳೆದಿದ್ದರು. ಒದ್ದೆಯಾಗಿ ಉಂಡೆ ಕಟ್ಟಿದ ಪೇಪರು, ಅರ್ಧ ಸಿನಿಮಾ ಜಾಹೀರಾತು ಇನ್ನೂ ಓದಬಹುದಿತ್ತು.

ಓಮ್ನಿಗೆ ಎರಡೂ ಕಡೆ ಜಾರುವ ಬಾಗಿಲು. ನನ್ನದರಲ್ಲಿ ಎರಡೂ ಹೋಗಿದ್ದವು. ಹಾಗಾಗಿ ಎಡಕ್ಕೆ ಹೊಸತು, ಬಲಕ್ಕೆ ಗುಜರಿಯದ್ದು ಹಾಕಿ ನೋಡಿದೆ.

ಹೊಸತು ಮಂಗಳೂರಿನ ಒಂದು ಸ್ಪೇರ್ ಅಂಗಡಿಯದ್ದು. ಕಂಪನಿ ಮಾಲಲ್ಲ, ಲೋಕಲ್. ನೋಡಲು ಚಂದ, ತುಕ್ಕಿಲ್ಲ, ಡೊಂಕಿಲ್ಲ. ಆದರೆ ತಗಡು ತೆಳು, ಅಂಗೈಯಲ್ಲಿ ಒತ್ತಿದರೆ ಟಪ್ ಅಂತ ಒಳಗೆ ಹೋಗಿ ಬರುತ್ತದೆ. ಬೀಗದ ತೂತುಗಳನ್ನು ಅರ ಹಾಕಿ ದೊಡ್ಡದು ಮಾಡಬೇಕಾಯಿತು. ಪಕ್ಕದ ಬಾಗಿಲಿನ ಗೆರೆಗೂ ಇದರ ಗೆರೆಗೂ ಕೂಡಿ ಬರಲೇ ಇಲ್ಲ. ಹಳೇ ಬಾಗಿಲಿನ ರೋಲರ್ ಬಿಚ್ಚಿ ಇದಕ್ಕೆ ಹಾಕಿ, ಮೇಲಿನ ಹಳಿ, ನಡುವಿನ ಹಳಿ, ಕೆಳಗಿನ ಹಳಿ ಮೂರಕ್ಕೂ ಹೊಂದಿಸುವಷ್ಟರಲ್ಲಿ ಎರಡು ದಿನ ಹೋಯಿತು.

ಬಲದ್ದು ಹಾಸನದ ಗುಜರಿಯಿಂದ. ಕಡಲ ಕರೆಯ ಗುಜರಿ ಬೇಡವೇ ಬೇಡ, ನಮ್ಮ ಗಾಡಿಯ ರೋಗವೇ ಅದಕ್ಕೂ ಇರುತ್ತದೆ. ಘಟ್ಟದ ಮೇಲಿನ ಒಣ ಊರಿನ ತಗಡು ಬೇರೆಯೇ. ಪರಿಚಯದವರ ಪಿಕಪ್ ಆ ಕಡೆ ಹೋಗಿತ್ತು, ಬರುವಾಗ ತಂದರು. ಕೊಳ್ಳುವ ಮೊದಲು ಬಾಗಿಲ ಕೆಳಗಿನ ಒಂದು ಗೇಣಿಗೆ ಆಯಸ್ಕಾಂತ ಆಡಿಸಿ ನೋಡಲು ಹೇಳಿದ್ದೆ. ಕಚ್ಚದಿದ್ದರೆ ಅಲ್ಲಿ ಪುಟ್ಟಿ ಉಂಟು ಅಂತ ಲೆಕ್ಕ. ಇದು ಪೂರ್ತಿ ಕಚ್ಚಿತು. ರೋಲರ್, ಗಾಜು, ಬೀಗ ಎಲ್ಲ ಸೇರಿ ಬಂತು. ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಹಾಕಲು ಅರ್ಧ ಗಂಟೆ, ಎಳೆದರೆ ಸರ್ರನೆ ಹೋಗಿ ಕಟಕ್ ಅಂತ ಕೂತುಕೊಳ್ಳುತ್ತದೆ. ತೊಂದರೆ ಎರಡೇ: ಬೀಗದ ಕೀ ಬೇರೆ, ಮತ್ತೆ ಯಾವುದೋ ಕಾಲದ 'ಶಾಲಾ ವಾಹನ' ಅನ್ನುವ ಅಕ್ಷರ ಪೇಂಟ್ ಹೊಡೆದ ಮೇಲೂ ಓರೆ ಬಿಸಿಲಲ್ಲಿ ಮಸುಕಾಗಿ ಕಾಣುತ್ತದೆ.

ಆದರೆ ಹೊಸ ಬಾಗಿಲಿಗೇ ಪೂರ್ತಿ ದೂರು ಹೇಳುವ ಹಾಗಿಲ್ಲ, ಅರ್ಧ ತಪ್ಪು ನಮ್ಮದೇ. ಓಮ್ನಿಗೆ ಜೀಪಿನ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಎಡಗಡೆ ಬಾಗಿಲ ಕೆಳಗಿನ ಪಟ್ಟಿಯನ್ನು ಸುಮ್ನೆ ಕೊಯ್ದುಬಿಟ್ಟೆವು, ಬಾಗಿಲಿನ ಬಾಯಿ ಒಂದು ನೂಲಿನಷ್ಟು ಜಗ್ಗಿತು. ಬಲಗಡೆ ಬುದ್ಧಿ ಬಂದು, ಮೊದಲು ಬಾಗಿಲ ಬಾಯಿಗೆ ಆ್ಯಂಗಲ್ ಅಡ್ಡ ಕೊಟ್ಟು ವೆಲ್ಡ್ ಮಾಡಿ ಆಮೇಲೆ ಕೊಯ್ದೆವು. ಬಾಗಿಲನ್ನು ಹಳಿಗೆ ಕೂರಿಸಿ, ಸಂದು ಸರಿ ನೋಡಿಕೊಂಡು, ಕೊನೆಗೆ ಪಟ್ಟಿ ಬೆಸುಗೆ.

ಆ ಪಟ್ಟಿಗೂ ಎರಡು ದಾರಿ ನೋಡಿದೆ. ರೆಡಿಮೇಡ್ ಪಟ್ಟಿ ಸಿಗುತ್ತದೆ, ನನಗೆ ಸಿಕ್ಕಿದ್ದು ಹೊರಗಿನ ತಗಡು ಮಾತ್ರ. ನಮ್ಮದರಲ್ಲಿ ಒಳಗಿನದೂ ಪುಡಿಯಾಗಿತ್ತು. ಅದಕ್ಕೆ ಮೇಸ್ತ್ರಿ 20 ಗೇಜಿನ ಸಿಆರ್ ಶೀಟನ್ನು (ಸತು ಲೇಪವಿಲ್ಲದ ಬರೀ ಉಕ್ಕಿನ ತಗಡು) ಬೆಂಡಿಂಗ್ ಮಿಷಿನಿನಲ್ಲಿ ಮಡಚಿಸಿ ತಂದು, ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಹಳೇ ತುಂಡಿನ ಮೇಲಿಟ್ಟು ನೋಡಿ, ಮತ್ತೆ ತಟ್ಟಿ, ಒಳಗಿನದೂ ಹೊರಗಿನದೂ ಎರಡೂ ಮಾಡಿದರು. ಇದರ ಮುಂದೆ ರೆಡಿಮೇಡ್ ಲೆಕ್ಕಕ್ಕೇ ಇಲ್ಲ. ಪ್ಲಾಟ್‌ಫಾರ್ಮಿನ, ಅಂದರೆ ಗಾಡಿಯೊಳಗಿನ ನೆಲದ, ತೂತುಗಳಿಗೂ ಅದೇ ಶೀಟ್. ಸತು ಲೇಪದ ಜಿಐ ಶೀಟ್ ಹಾಕಿದರೆ ತುಕ್ಕು ಹಿಡಿಯದಲ್ವಾ ಅಂತ ಕೇಳಿದೆ. ಬೆಸುಗೆಗೆ ಸತುವಿನ ಹೊಗೆ ಬರುತ್ತದೆ, ಅದನ್ನು ಕುಡಿದರೆ ರಾತ್ರಿ ಚಳಿಜ್ವರ, ನೀವೇ ಮಾಡಿಕೊಳ್ಳಿ ಅಂದರು.

ಬೆಸುಗೆ ಸಿಒಟೂನಲ್ಲೇ (ಕರೆಂಟಿನ ತಂತಿ ಬೆಸುಗೆ) ಮಾಡಿಸಿ. ಗ್ಯಾಸಿನ ಬೆಂಕಿಗೆ ತೆಳು ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಸಿಒಟೂ ಆದರೂ ಒಂದೇ ಎಳೆತ ಎಳೆಯಬಾರದು. ಈ ತುದಿಗೆ ಒಂದು ಚುಕ್ಕಿ, ಆ ತುದಿಗೆ ಒಂದು, ಆರಲು ಬಿಟ್ಟು ಮತ್ತೆ ನಡುವೆ ಒಂದು. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ, ಮ್ಯಾಟ್ ತೆಗೆದಿಟ್ಟ ಮೇಲೆಯೇ ಇದೆಲ್ಲ. ಬೆಸುಗೆಯ ಮೇಲೆ ಪ್ರೈಮರ್, ಗಾಡಿಯ ಅಡಿಭಾಗಕ್ಕೆ ತುಕ್ಕು ತಡೆಯುವ ಅಂಡರ್‌ಕೋಟ್. ಅಂಡರ್‌ಕೋಟ್ ಹೊಡೆಯುವ ಹುಡುಗ ಉತ್ಸಾಹದಲ್ಲಿ ಬಾಗಿಲ ಅಡಿಯ ನೀರು ಹೋಗುವ ತೂತುಗಳನ್ನೂ ಮುಚ್ಚಿಬಿಟ್ಟಿದ್ದ. ಕಡ್ಡಿ ಹಾಕಿ ಒಂದೊಂದೇ ಬಿಡಿಸಿದೆ. ಮೊದಲು ತುಕ್ಕು ಶುರುವಾದದ್ದೇ ಅಲ್ಲಿ ನೀರು ನಿಂತು.

ಈಗ ಒಂದು ಮಳೆಗಾಲ ಕಳೆದಿದೆ. ಬಲಗಡೆ ಒಂದು ಹನಿ ಒಳಗೆ ಬಂದಿಲ್ಲ. ಎಡಗಡೆ ಜೋರು ಮಳೆಗೆ ಹಿಂದಿನ ಸೀಟಿನವರ ಕಾಲು ಒದ್ದೆಯಾಗುತ್ತದೆ, ಹೊಂಡ ಬಂದರೆ ಬಾಗಿಲು ಗಡಗಡ ಅನ್ನುತ್ತದೆ. ಹಿಂದಿನ ಡಿಕ್ಕಿ ಬಾಗಿಲು ಬಾಕಿ ಉಂಟು. ಹಾಸನಕ್ಕೆ ಹೇಳಿಟ್ಟಿದ್ದೇನೆ.