ರೆಡಿಮೇಡ್ ಬಿಟ್‌ಕಾಯಿನ್ ನೋಡ್ ಡಬ್ಬಿ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

"ಪ್ಲಗ್ ಹಾಕಿ, ಮರೆತುಬಿಡಿ" ಅಂತ ಆನ್‌ಲೈನ್‌ನಲ್ಲಿ ಮಾರುವ ಬಿಟ್‌ಕಾಯಿನ್ ಫುಲ್ ನೋಡ್ (ಬಿಟ್‌ಕಾಯಿನ್ ಲೆಕ್ಕವನ್ನೆಲ್ಲ ತಾನೇ ಪರೀಕ್ಷಿಸುವ ಕಂಪ್ಯೂಟರ್) ಡಬ್ಬಿ ಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ನಮ್ಮ ಭಾವ ಅಂಥದ್ದೇ ಒಂದನ್ನು ತರಿಸಿದರು. ಸಂಬಳದಲ್ಲಿ ಉಳಿಸಿ ವರ್ಷಗಟ್ಟಲೆ ಕೂಡಿಸಿದ್ದ ಬಿಟ್‌ಕಾಯಿನ್ ಅಷ್ಟೂ ಹೋಯಿತು. ಮಾರಿದವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ದೂರು ಪೊಲೀಸರ ಹತ್ತಿರ ಇದೆ. ಇಂಥವರು ಹೆಸರು ಬದಲಾಯಿಸಿಕೊಂಡು ಮತ್ತೆ ಬರುತ್ತಾರೆ. ಅದಕ್ಕೇ ಹೆಸರಿಗಿಂತ ಆ ಡಬ್ಬಿಯೊಳಗೆ ನಾನು ಏನೇನು ನೋಡಿದೆ ಅನ್ನೋದು ನಿಮಗೆ ಗೊತ್ತಿರಬೇಕು.

ನೋಡ್ ನಡೆಸುವುದು ಯಾಕೆ ಅಂತ ಎರಡು ಮಾತು. ನಮಗೆ ಬಂದ ಹಣ ನಿಜವಾಗಿ ಬಂದಿದೆಯಾ, ಬ್ಲಾಕ್‌ಗಳು (ವಹಿವಾಟುಗಳನ್ನು ಬರೆದಿಡುವ ಕಂತುಗಳು) ನಿಯಮದ ಪ್ರಕಾರ ಇವೆಯಾ ಅಂತ ಬೇರೆಯವರನ್ನು ಕೇಳದೆ ನಾವೇ ಪರೀಕ್ಷಿಸಿಕೊಳ್ಳುವುದಕ್ಕೆ. 2009ರ ಮೊದಲ ಬ್ಲಾಕ್‌ನಿಂದ ಇವತ್ತಿನವರೆಗಿನ ಎಲ್ಲವನ್ನೂ ನಿಮ್ಮ ಯಂತ್ರ ಇಳಿಸಿಕೊಂಡು ಪರೀಕ್ಷೆ ಮಾಡುತ್ತದೆ. ಆ ಪರೀಕ್ಷೆ ಮಾಡುವ ಸಾಫ್ಟ್‌ವೇರೇ ಬೇರೆಯವರ ಕೈಯಲ್ಲಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನೋಡ್ ಇಲ್ಲದವನು ಕೊನೇಪಕ್ಷ ಅನುಮಾನ ಪಡುತ್ತಾನೆ. ಇಂಥ ಡಬ್ಬಿ ಇಟ್ಟುಕೊಂಡವನು ಅದನ್ನೂ ಪಡುವುದಿಲ್ಲ.

ಡಬ್ಬಿ ನೋಡೋಕೆ ಚೆನ್ನಾಗಿಯೇ ಇತ್ತು. ಒಂದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, 1 ಟಿಬಿ ಎಸ್‌ಎಸ್‌ಡಿ, ಮುಂದುಗಡೆ ಪುಟ್ಟ ಸ್ಕ್ರೀನ್. "ಪೂರ್ತಿ ಸಿಂಕ್ ಆಗಿಯೇ ಬರುತ್ತದೆ, ಕಾಯುವ ಕೆಲಸವಿಲ್ಲ" ಅನ್ನೋದೇ ಜಾಹೀರಾತಿನ ದೊಡ್ಡ ಆಸೆ. ಎಲ್ಲ ಬ್ಲಾಕ್‌ಗಳೂ ಸೇರಿದ ಬ್ಲಾಕ್‌ಚೈನ್ 600 ಜಿಬಿ ದಾಟಿದೆ, ಅದನ್ನು ಮನೆಯ ಇಂಟರ್ನೆಟ್‌ನಲ್ಲಿ ಇಳಿಸಿ ಪರೀಕ್ಷೆ ಮುಗಿಸೋಕೆ (ಇದೇ ಸಿಂಕ್) ಪೈನಂಥ ಸಣ್ಣ ಯಂತ್ರಕ್ಕೆ ದಿನಗಟ್ಟಲೆ ಬೇಕು. ಹಾಗಾಗಿ ಆ ಮಾತು ಯಾರಿಗಾದರೂ ಹಿತವಾಗಿಯೇ ಕೇಳಿಸುತ್ತದೆ. ಜೊತೆಗೆ ಒಂದು ವ್ಯಾಲೆಟ್ ಆ್ಯಪ್ ಹಾಕಿಯೇ ಕೊಟ್ಟಿದ್ದರು. ಅದರ 24 ಪದಗಳ ಬ್ಯಾಕಪ್ ಅನ್ನು ಒಂದು ಕಾರ್ಡಿನ ಮೇಲೆ ಅಚ್ಚು ಹಾಕಿ ಲಕೋಟೆಯಲ್ಲಿಟ್ಟು ಮೊಹರು ಮಾಡಿದ್ದರು.

ಒಂದು ದಿನ ಭಾವ ಯಾವುದೋ ಲೆಕ್ಕಕ್ಕೆ ತಮ್ಮ ಅಡ್ರೆಸ್ ಅನ್ನು ಫೋನಿನಲ್ಲಿ ಒಂದು ಬ್ಲಾಕ್ ಎಕ್ಸ್‌ಪ್ಲೋರರ್‌ಗೆ (ಯಾವ ಅಡ್ರೆಸ್‌ನಲ್ಲಿ ಎಷ್ಟಿದೆ ಅಂತ ತೋರಿಸುವ ವೆಬ್‌ಸೈಟ್) ಹಾಕಿ ನೋಡಿದರು. ಅಲ್ಲಿ ಸೊನ್ನೆ. ಡಬ್ಬಿಯ ಸ್ಕ್ರೀನ್ ಮೇಲೆ ಮಾತ್ರ ಹಣ ಹಾಗೇ ಇತ್ತು, ಕೆಳಗೆ ಹಸಿರು ಅಕ್ಷರದಲ್ಲಿ "ಸಿಂಕ್ 100%". ಎಕ್ಸ್‌ಪ್ಲೋರರ್ ತಪ್ಪು ತೋರಿಸುತ್ತಿದೆ, ನಮ್ಮ ನೋಡ್ ಸರಿ ಇದೆ ಅಂತಲೇ ಅವರು ನನಗೆ ಫೋನ್ ಮಾಡಿದ್ದು. ಪಾಪ, ನೋಡ್ ಬಗ್ಗೆ ಓದಿದವರು ಹಾಗೆ ಅಂದುಕೊಳ್ಳುವುದೇ ಸಹಜ, ಅಲ್ವಾ?

ನಾನು ಹೋಗಿ ಮೊದಲು ಬ್ಲಾಕ್ ಎತ್ತರ, ಅಂದರೆ ಕೊನೆಯ ಬ್ಲಾಕ್‌ನ ಕ್ರಮಸಂಖ್ಯೆ, ಹೋಲಿಸಿದೆ. ಡಬ್ಬಿಯಲ್ಲಿದ್ದ ಸಂಖ್ಯೆ ನಿಜವಾದದ್ದಕ್ಕಿಂತ ತುಂಬಾ ಹಿಂದಿತ್ತು. ಹಣ ಹೊರಗೆ ಹೋದ ಬ್ಲಾಕ್‌ಗಿಂತ ಸ್ವಲ್ಪ ಮುಂಚೆಯೇ ನಿಂತುಬಿಟ್ಟಿತ್ತು. ಎಸ್‌ಎಸ್‌ಡಿ ಬಿಚ್ಚಿ ನನ್ನ ಲ್ಯಾಪ್‌ಟಾಪ್‌ಗೆ ಹಾಕಿ ನೋಡ್‌ನ ಸೆಟ್ಟಿಂಗ್ ಫೈಲ್ ತೆರೆದಾಗ ಎಲ್ಲ ಬಯಲಾಯಿತು. ಅದರಲ್ಲಿ "ಕನೆಕ್ಟ್" ಅನ್ನುವ ಒಂದು ಸಾಲು, ಪಕ್ಕದಲ್ಲಿ ಒಂದೇ ಒಂದು ಐಪಿ ಅಡ್ರೆಸ್. ಈ ಸಾಲು ಇದ್ದರೆ ನೋಡ್ ಬೇರೆ ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ, ಆ ಒಂದು ಯಂತ್ರ ಕೊಟ್ಟಿದ್ದನ್ನಷ್ಟೇ ನಂಬಿ ಕೂರುತ್ತದೆ. ಮಾಮೂಲಿ ನೋಡ್ ಸಾಫ್ಟ್‌ವೇರ್ ಆದ ಬಿಟ್‌ಕಾಯಿನ್ ಕೋರ್ ತಾನಾಗಿಯೇ ಹೊರಗಿನ 10 ನೋಡ್‌ಗಳ ಜೊತೆ ಸಂಪರ್ಕ ಇಟ್ಟುಕೊಳ್ಳುತ್ತದೆ: 8 ಬ್ಲಾಕ್, ವಹಿವಾಟು ಎರಡಕ್ಕೂ, 2 ಬರೀ ಬ್ಲಾಕ್‌ಗೆ. ಯಾರೋ ಒಬ್ಬ ಸುಳ್ಳು ಹೇಳಿದರೆ ಇನ್ನೊಬ್ಬರಿಂದ ನಿಜ ಗೊತ್ತಾಗಲಿ ಅಂತ. ಇಲ್ಲಿ ಆ ದಾರಿಯನ್ನೇ ಮುಚ್ಚಿದ್ದರು.

ಸುಳ್ಳು ಬ್ಲಾಕ್ ಹುಟ್ಟಿಸೋಕೆ ಮೈನಿಂಗ್ (ಕಂಪ್ಯೂಟರ್ ಬಲದಿಂದ ಬ್ಲಾಕ್ ಕಟ್ಟುವ) ಖರ್ಚು ವಿಪರೀತ. ನಿಜವಾದ ಬ್ಲಾಕ್ ತಡೆದು ನಿಲ್ಲಿಸೋಕೆ ಒಂದು ಪೈಸೆ ಖರ್ಚಿಲ್ಲ. ಮಾರಿದವರು ಅಷ್ಟೇ ಮಾಡಿದ್ದು. ಹಣ ಹೋದದ್ದು ಕಾಣದಂತೆ ಬ್ಲಾಕ್ ಕೊಡುವುದನ್ನು ನಿಲ್ಲಿಸಿದರು. ಸ್ಕ್ರೀನ್ ಮೇಲಿನ 100% ನೋಡ್ ಹೇಳಿದ್ದಲ್ಲ, ಅವರೇ ಬರೆದ ಇನ್ನೊಂದು ಪುಟ್ಟ ಪ್ರೋಗ್ರಾಮ್ ಹೇಳುತ್ತಿದ್ದದ್ದು.

ಅದೇ ಫೈಲಿನಲ್ಲಿ ಇನ್ನೂ ಇತ್ತು. ನೋಡ್‌ಗೆ ಆಜ್ಞೆ ಕೊಡುವ 8332 ಪೋರ್ಟ್ ಅನ್ನು ಯಾವ ಐಪಿಯಿಂದ ಬೇಕಾದರೂ ಬಳಸುವ ಹಾಗೆ ತೆರೆದಿಟ್ಟಿದ್ದರು, ಪಾಸ್‌ವರ್ಡ್ ಯಾರು ಬೇಕಾದರೂ ಊಹಿಸುವಂಥದ್ದು. ಬೇರೆ ನೋಡ್‌ಗಳು ಬಂದು ಮಾತಾಡುವ 8333 ತೆರೆದಿದ್ದರೆ ತೊಂದರೆಯಿಲ್ಲ, 8332 ಮಾತ್ರ ಯಾವತ್ತೂ ಹೊರಗಿನ ಇಂಟರ್ನೆಟ್‌ಗೆ ಕಾಣಬಾರದು. ಇದೆಲ್ಲದರ ಮೇಲೆ ಆ ಕಾರ್ಡ್. ಅಚ್ಚು ಹಾಕಿ ಕೊಟ್ಟ ಪದಗಳು ಅಂದರೆ ಅಚ್ಚು ಹಾಕಿದವರಿಗೂ ಗೊತ್ತಿರುವ ಪದಗಳು. ಹಣ ತೆಗೆಯೋಕೆ ಅದೊಂದೇ ಸಾಕು. ಬಿಟ್‌ಕಾಯಿನ್ ಕೋರ್‌ನ ಸ್ವಂತ ವ್ಯಾಲೆಟ್‌ನಲ್ಲಿ ಈ 24 ಪದಗಳ ಪದ್ಧತಿಯೇ ಇಲ್ಲ. ಬೇರೆ ಯಾವುದೇ ವ್ಯಾಲೆಟ್ ಆದರೂ ಪದಗಳು ನಿಮ್ಮ ಯಂತ್ರದಲ್ಲಿ, ನಿಮ್ಮ ಕಣ್ಣೆದುರೇ ಹುಟ್ಟಬೇಕು.

ಒಳಗಿದ್ದ ಸಾಫ್ಟ್‌ವೇರ್ ಯಾವುದು ಗೊತ್ತಾ? ಬಿಟ್‌ಕಾಯಿನ್ ಕೋರ್ 0.15 ತೆಗೆದುಕೊಂಡು ಹೆಸರು ಬದಲಾಯಿಸಿದ್ದು. ಈ ಹಳೇ ವರ್ಷನ್‌ನಲ್ಲಿ ಒಂದು ಭಯಂಕರ ದೋಷವಿದೆ. ಒಂದೇ ನಾಣ್ಯವನ್ನು ಒಂದೇ ವಹಿವಾಟಿನಲ್ಲಿ ಎರಡು ಸಲ ಖರ್ಚು ಮಾಡಿದ ಬ್ಲಾಕ್ ಬಂದರೆ ಅದು ಒಪ್ಪಿಕೊಂಡುಬಿಡಬಹುದು, ಅಂದರೆ ಇಲ್ಲದ ನಾಣ್ಯ ಹುಟ್ಟುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಇದು ಪತ್ತೆಯಾಗಿ ತಕ್ಷಣ 0.16.3 ಬಂತು. 2021ರಲ್ಲಿ ಜಾರಿಗೆ ಬಂದ ಟ್ಯಾಪ್‌ರೂಟ್ ಅನ್ನೋ ಹೊಸ ವಹಿವಾಟು ನಿಯಮಗಳೂ ಈ ಹಳೇ ಕೋಡ್‌ಗೆ ಗೊತ್ತಿಲ್ಲ, ಅಂಥ ವಹಿವಾಟುಗಳನ್ನು ಪರೀಕ್ಷೆಯಿಲ್ಲದೆ ಒಳಗೆ ಬಿಡುತ್ತದೆ. ಸ್ಕ್ರೀನ್ ಎಷ್ಟೇ ಹೊಸದಾಗಿ ಕಾಣಲಿ, ಒಳಗಿನ ವರ್ಷನ್ ಯಾವುದು ಅಂತ ಕೇಳದೆ ಬಿಡಬೇಡಿ.

ಹಾಗಾದರೆ ಯಾವುದನ್ನು ಹಾಕಿಕೊಳ್ಳಬೇಕು? ನನ್ನ ಉತ್ತರ ಸರಳ. ಮೊದಲ ಸಲ ನೋಡ್ ಹಾಕುವವರಿಗೆ ಬಿಟ್‌ಕಾಯಿನ್ ಕೋರ್, ಅದರ ಸ್ವಂತ ಸೈಟ್‌ನಿಂದ, ಸಹಿ ಪರೀಕ್ಷಿಸಿ. ಆ ಕೋಡ್ ಮೇಲೆ ಇರುವಷ್ಟು ಕಣ್ಣುಗಳು ಬೇರೆ ಯಾವುದರ ಮೇಲೂ ಇಲ್ಲ.

ಸಹಿ ಪರೀಕ್ಷೆ ಅಂದ ತಕ್ಷಣ ಜನ ಹಿಂದೆ ಸರಿಯುತ್ತಾರೆ. ಅಷ್ಟು ಕಷ್ಟವೇನಿಲ್ಲ. ಸಾಫ್ಟ್‌ವೇರ್ ಫೈಲ್ ಜೊತೆ ಇನ್ನೆರಡು ಸಣ್ಣ ಫೈಲ್ ಇಳಿಸಿಕೊಳ್ಳಬೇಕು. ಒಂದರಲ್ಲಿ ಪ್ರತಿ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚು ಥರದ ಸಂಖ್ಯೆ) ಇರುತ್ತದೆ, ಇನ್ನೊಂದರಲ್ಲಿ ಆ ಪಟ್ಟಿಗೆ ಹಲವರು ತಮ್ಮ ಗುಟ್ಟಿನ ಕೀಯಿಂದ ಹಾಕಿದ ಪಿಜಿಪಿ ಡಿಜಿಟಲ್ ಸಹಿಗಳು. ಮೊದಲು ನಿಮ್ಮ ಫೈಲಿನ ಹ್ಯಾಶ್ ಪಟ್ಟಿಯ ಜೊತೆ ತಾಳೆಯಾಗುತ್ತದಾ ನೋಡಿ, "ಓಕೆ" ಅಂತ ಬರಬೇಕು. ಆಮೇಲೆ ಸಹಿ. "ಗುಡ್ ಸಿಗ್ನೇಚರ್" ಅಂತ ಬಂದು, ಕೆಳಗೆ "ಈ ಕೀ ಪ್ರಮಾಣೀಕರಿಸಿಲ್ಲ" ಅನ್ನೋ ಅರ್ಥದ ಎಚ್ಚರಿಕೆ ಬಂದರೆ ಹೆದರಬೇಡಿ. ಆ ಕೀಯನ್ನು ನೀವು ಖುದ್ದಾಗಿ ದೃಢಪಡಿಸಿಲ್ಲ ಅಂತಷ್ಟೇ ಅದರ ಅರ್ಥ. ಅದಕ್ಕೇ ಒಬ್ಬರ ಸಹಿ ನೋಡಿ ನಿಲ್ಲಿಸಬೇಡಿ, ಮೂರ್ನಾಲ್ಕು ಜನರದ್ದು ನೋಡಿ. ಕೋರ್ ಅನ್ನು ಬೇರೆ ಬೇರೆ ಜನ ತಮ್ಮ ತಮ್ಮ ಯಂತ್ರದಲ್ಲಿ ಸೋರ್ಸ್ ಕೋಡ್‌ನಿಂದ ಕಟ್ಟಿ, ಎಲ್ಲರಿಗೂ ಒಂದೇ ಫೈಲ್ ಬಂದಿದೆ ಅಂತ ಖಾತ್ರಿ ಮಾಡಿಕೊಂಡು ಸಹಿ ಹಾಕುತ್ತಾರೆ.

ಒಂದೇ ಕೀ ಮೇಲೆ ನಿಂತರೆ ಏನಾಗುತ್ತದೆ ಅನ್ನೋದಕ್ಕೆ ಉದಾಹರಣೆ ಇದೆ. ಬಿಟ್‌ಕಾಯಿನ್ ನಾಟ್ಸ್ ಅನ್ನೋದು ಕೋರ್‌ನಿಂದಲೇ ಕವಲೊಡೆದದ್ದು, ಲ್ಯೂಕ್ ಡ್ಯಾಶ್‌ಜೂನಿಯರ್ ನೋಡಿಕೊಳ್ಳುತ್ತಾರೆ. 2023ರ ಜನವರಿ 1ರಂದು ತಮ್ಮ ಪಿಜಿಪಿ ಕೀ ಕಳ್ಳರ ಪಾಲಾಗಿದೆ, ವಿಷಯ ತಿಳಿಯಾಗುವವರೆಗೆ ನಾಟ್ಸ್ ಡೌನ್‌ಲೋಡ್ ಮಾಡಿ ನಂಬಬೇಡಿ ಅಂತ ಅವರೇ ಹೇಳಬೇಕಾಯಿತು. ನಾಟ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2025ರ ಅಕ್ಟೋಬರ್‌ನಲ್ಲಿ ಕೋರ್ 30 ಬಂದು ಓಪಿ-ರಿಟರ್ನ್‌ನಲ್ಲಿ (ವಹಿವಾಟಿನೊಳಗೆ ಬೇರೆ ಮಾಹಿತಿ ಬರೆಯುವ ಜಾಗ) ಡೇಟಾ ತುಂಬುವ ಮಿತಿ ಸಡಿಲಿಸಿದ ಮೇಲೆ ಅದು ಒಪ್ಪಿಗೆಯಾಗದೆ ನಾಟ್ಸ್‌ಗೆ ಹೋದವರು ಜಾಸ್ತಿ. ಆ ಜಗಳದಲ್ಲಿ ನಿಮ್ಮ ನಿಲುವು ನಿಮ್ಮದು. ಆದರೆ ಯಾವ ಕಡೆ ಹೋದರೂ ಸಹಿ ಪರೀಕ್ಷೆ ಬಿಡಬೇಡಿ.

ಬಿಟಿಸಿಡಿ ಥರ ಬೇರೆ ಭಾಷೆಯಲ್ಲಿ ಹೊಸದಾಗಿ ಬರೆದ ನೋಡ್‌ಗಳೂ ಇವೆ. ಕಲಿಯೋಕೆ ಒಳ್ಳೆಯದು, ಹಣ ಇಡೋಕೆ ಯೋಚಿಸಿ. 2022ರ ಅಕ್ಟೋಬರ್‌ನಲ್ಲಿ ಯಾರೋ 999ರಲ್ಲಿ 998 ಸಹಿ ಬೇಕಾದ ಒಂದು ವಿಚಿತ್ರ ವಹಿವಾಟು ಮಾಡಿದರು. ನಿಯಮದ ಪ್ರಕಾರ ಅದು ಸರಿಯೇ. ಕೋರ್ ಒಪ್ಪಿಕೊಂಡಿತು, ಬಿಟಿಸಿಡಿ ಮಾತ್ರ ಆ ಬ್ಲಾಕ್‌ನಲ್ಲೇ ಸಿಕ್ಕಿಹಾಕಿಕೊಂಡಿತು. ಅದೇ ಕೋಡ್ ಬಳಸುತ್ತಿದ್ದ ಎಲ್‌ಎನ್‌ಡಿ ಲೈಟ್ನಿಂಗ್ ನೋಡ್‌ಗಳೂ (ಬಿಟ್‌ಕಾಯಿನ್ ಮೇಲೆ ಬೇಗ ಪಾವತಿ ಮಾಡುವ ಜಾಲದ ನೋಡ್‌ಗಳು) ಅಲ್ಲೇ ನಿಂತವು.

ರೆಡಿ ಸಿಂಕ್ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಜನ ಬೀಳುವುದೇ ಇಲ್ಲಿ. ಯಾರೋ ಕಾಪಿ ಮಾಡಿಕೊಟ್ಟ ಚೈನ್‌ಸ್ಟೇಟ್ ಫೋಲ್ಡರ್ ಅನ್ನು ನೋಡ್ ಮತ್ತೆ ಮೊದಲಿಂದ ಪರೀಕ್ಷೆ ಮಾಡುವುದಿಲ್ಲ. ಯಾವ ನಾಣ್ಯ ಯಾರದ್ದು ಅನ್ನುವ ಲೆಕ್ಕ ಇರುವುದೇ ಅದರಲ್ಲಿ. ಅದನ್ನು ತಿದ್ದಿ ಕೊಟ್ಟರೆ ನಿಮ್ಮ ನೋಡ್ ಹಾಗೇ ನಂಬುತ್ತದೆ. ಕಾಯೋಕೆ ಆಗಲ್ಲ ಅಂದರೆ ಕೋರ್‌ನಲ್ಲೇ ಸರಿಯಾದ ದಾರಿ ಇದೆ. 28ನೇ ವರ್ಷನ್‌ನಿಂದ ಮೇನ್‌ನೆಟ್‌ಗೂ (ನಿಜವಾದ ಬಿಟ್‌ಕಾಯಿನ್ ಜಾಲ) ಸ್ನ್ಯಾಪ್‌ಶಾಟ್, ಅಂದರೆ ಆ ಲೆಕ್ಕದ ಸಿದ್ಧ ಪ್ರತಿ, ಹಾಕಬಹುದು. ಅದರ ಹ್ಯಾಶ್ ಕೋಡ್ ಒಳಗೇ ಬರೆದಿದೆ, ಹೊಂದದಿದ್ದರೆ ಸಾಫ್ಟ್‌ವೇರ್ ತಗೊಳ್ಳುವುದಿಲ್ಲ. ಹಾಕಿದ ಮೇಲೂ ಹಿಂದುಗಡೆ ಮೊದಲಿಂದ ಪರೀಕ್ಷೆ ನಡೆಯುತ್ತಲೇ ಇರುತ್ತದೆ. ಡಿಸ್ಕ್ ಜಾಗ ಕಡಿಮೆ ಇದ್ದರೆ ಪ್ರೂನಿಂಗ್ ಹಾಕಿ. ಆಗಲೂ ಪ್ರತಿ ಬ್ಲಾಕ್ ಪರೀಕ್ಷೆಯಾಗುತ್ತದೆ, ಹಳೇ ಬ್ಲಾಕ್‌ಗಳನ್ನು ಆಮೇಲೆ ಅಳಿಸುತ್ತದೆ. ಕನಿಷ್ಠ 550 ಎಂಬಿವರೆಗೂ ಇಳಿಸಬಹುದು.

ಅಪ್‌ಡೇಟ್ ಬಗ್ಗೆಯೂ ಹುಷಾರು. ಕೋರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ. "ಈಗಲೇ ಅಪ್‌ಡೇಟ್ ಮಾಡಿ" ಅಂತ ಲಿಂಕ್ ಬಂದರೆ ಒತ್ತಬೇಡಿ. 2018ರ ಕೊನೆಯಲ್ಲಿ ಎಲೆಕ್ಟ್ರಮ್ ವ್ಯಾಲೆಟ್ ಬಳಸುವವರಿಗೆ ಇದೇ ಆಯಿತು. ಕಳ್ಳರು ತಮ್ಮದೇ ಸರ್ವರ್‌ಗಳನ್ನು ನಡೆಸಿ, ವ್ಯಾಲೆಟ್ ಒಳಗೇ ಸುಳ್ಳು ಅಪ್‌ಡೇಟ್ ಸಂದೇಶ ತೋರಿಸಿ, ನೂರಾರು ಬಿಟ್‌ಕಾಯಿನ್ ಕದ್ದರು.

ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾರ್ಡ್ ಡಿಸ್ಕ್ ಬೇಡ, ಎಸ್‌ಎಸ್‌ಡಿಯೇ ಇರಲಿ, ಈಗ ತಗೊಂಡರೆ 2 ಟಿಬಿ ತಗೊಳ್ಳಿ. ಒಂದು ಯುಪಿಎಸ್ ಇರಲಿ. ಸಿಂಕ್ ನಡುವೆ ಕರೆಂಟ್ ಹೋಗಿ ಡೇಟಾ ಕೆಟ್ಟರೆ ಮತ್ತೆ ಮೊದಲಿಂದ ಇಂಡೆಕ್ಸ್ ಮಾಡಿಸಬೇಕಾಗಬಹುದು, ಮಳೆಗಾಲದಲ್ಲಿ ನಮ್ಮ ಕಡೆ ಇದು ದೊಡ್ಡ ತಲೆನೋವು.

ನಿಮ್ಮ ಮನೆಯಲ್ಲಿ ಈಗಾಗಲೇ ಇಂಥ ಡಬ್ಬಿ ಇದ್ದರೆ, ಅದನ್ನು ಬಿಚ್ಚಿ ನೋಡುವ ಮುಂಚೆ ಹಣ ಈಚೆ ತನ್ನಿ. ಬೇರೆ ಯಂತ್ರದಲ್ಲಿ ಹೊಸ ವ್ಯಾಲೆಟ್, ಹೊಸ ಪದಗಳು, ಮೊದಲು ಅಲ್ಲಿಗೆ ಕಳಿಸಿ. ಕಳಿಸಿದ್ದು ತಲುಪಿತಾ ಅಂತ ಡಬ್ಬಿಯಲ್ಲಿ ನೋಡಬೇಡಿ, ಹೊರಗೆ ಒಂದೆರಡು ಎಕ್ಸ್‌ಪ್ಲೋರರ್‌ನಲ್ಲಿ ನೋಡಿ. ಆಮೇಲೆ ಡಬ್ಬಿಯ ಬ್ಲಾಕ್ ಎತ್ತರ ಹೋಲಿಸಿ, ಎಷ್ಟು ನೋಡ್‌ಗಳ ಜೊತೆ ಸಂಪರ್ಕ ಇದೆ ನೋಡಿ, ಸೆಟ್ಟಿಂಗ್ ಫೈಲಿನಲ್ಲಿ ಆ "ಕನೆಕ್ಟ್" ಸಾಲು ಹುಡುಕಿ. ಹಣ ಆಗಲೇ ಹೋಗಿದ್ದರೆ ಡಿಸ್ಕ್ ಅಳಿಸಬೇಡಿ, ಅದೇ ಸಾಕ್ಷಿ. 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಿ. ವಹಿವಾಟಿನ ಐಡಿ, ಮಾರಿದವರ ಬಿಲ್, ಆ ಐಪಿ ಅಡ್ರೆಸ್ ಇರುವ ಸಾಲಿನ ಫೋಟೋ, ಮೂರನ್ನೂ ಜೊತೆಗಿಡಿ. ಭಾವನ ದೂರಿನ ಜೊತೆ ನಾವು ಕೊಟ್ಟಿದ್ದೂ ಈ ಮೂರನ್ನೇ.