ಹಳೇ ಪರಿಚಯದವರನ್ನು ಹುಡುಕಿಕೊಡುವ ಏಜೆನ್ಸಿ: ಅಡ್ವಾನ್ಸ್ ಕೊಡುವ ಮುಂಚೆ ಓದಿ

ಹತ್ತು ದಿನ ಅಂದಿದ್ದರು, ಒಂಬತ್ತನೇ ದಿನಕ್ಕೇ ವಿಳಾಸ ಕೈಗಿಟ್ಟರು. ಆದರೂ ನಾನು ಕೊಡುವುದು ಒಂದೇ ಸ್ಟಾರ್.

ಜಯನಗರದಲ್ಲಿ ಮೊದಲನೇ ಮಹಡಿಯ ಪುಟ್ಟ ಆಫೀಸು. ಹೆಸರು ಬರೆಯುತ್ತಿಲ್ಲ, ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಫೀಸು 20,000 ರೂಪಾಯಿ, ಅರ್ಧ ಮೊದಲೇ. ಗೋಡೆ ಮೇಲೆ ಫ್ರೇಮ್ ಹಾಕಿದ ಲೈಸೆನ್ಸ್ ನೋಡಿ ನಂಬಿದೆ. ಆಮೇಲೆ ಗೊತ್ತಾಯಿತು, ಅದು 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯದು, ಅಂದರೆ ಸೆಕ್ಯುರಿಟಿ ಗಾರ್ಡ್‌ಗಳನ್ನು ಒದಗಿಸುವುದಕ್ಕೆ. ಪತ್ತೇದಾರರಿಗೆ ಅಂತಲೇ ಲೈಸೆನ್ಸ್ ಕೊಡುವ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಬಂದಿತ್ತು, ಕಾಯ್ದೆ ಆಗಲೇ ಇಲ್ಲ.

ನಾನು ಹುಡುಕಿಸಿದ್ದು ಕಾಲೇಜಿನಲ್ಲಿ ತುಂಬಾ ಇಷ್ಟಪಟ್ಟಿದ್ದ ಹುಡುಗಿಯನ್ನು. 1996ರಲ್ಲಿ ಅವಳ ಅಪ್ಪನಿಗೆ ವರ್ಗ ಆಯಿತು, ಅಲ್ಲಿಗೆ ಎಲ್ಲ ನಿಂತುಹೋಯಿತು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಅವಳು ಹೇಗಿದ್ದಾಳೆ ಅಂತ ತಿಳಿದರೆ ಸಾಕು ಅನ್ನಿಸಿತ್ತು, ಅಷ್ಟೇ.

ಆಫೀಸಿನವರು, "ಸರ್, ನಿಮ್ಮಿಬ್ಬರಿಗೇ ಗೊತ್ತಿರುವ ಎರಡು ಮೂರು ಹಳೇ ನೆನಪು ಹೇಳಿ, ವ್ಯಕ್ತಿ ಅವರೇನಾ ಅಂತ ಖಾತ್ರಿ ಮಾಡಿಕೊಳ್ಳೋಕೆ" ಅಂದರು. ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ಅವಳ ಚಪ್ಪಲಿ ಕಿತ್ತುಹೋಗಿ, ನಾನು, ಅವಳು, ಅವಳ ಗೆಳತಿ ಮೂವರೂ ಬರಿಗಾಲಲ್ಲೇ ಮನೆವರೆಗೂ ನಡೆದಿದ್ದನ್ನು ಹೇಳಿದೆ. ಹೇಳುವಾಗ ಖುಷಿಯೂ ಆಗಿತ್ತು.

ರಿಪೋರ್ಟ್ ಬಂತು. ಹದಿನಾಲ್ಕು ಪುಟ ಸ್ಕ್ರೀನ್‌ಶಾಟ್. ಆ ಗೆಳತಿಯ ಹೆಸರಲ್ಲಿ, ಅವಳದೇ ಫೋಟೋ ಹಾಕಿ, ಫೇಸ್‌ಬುಕ್‌ನಲ್ಲಿ ಹೊಸ ಖಾತೆ ತೆರೆದಿದ್ದರು. ಪರಿಷೆಯ ಚಪ್ಪಲಿ ವಿಷಯ ಎತ್ತಿ ಮಾತು ಶುರು ಮಾಡಿದ್ದರು. "ಅಯ್ಯೋ, ಅದಿನ್ನೂ ನೆನಪಿದೆಯೇನೇ ನಿಂಗೆ?" ಅಂತ ಅವಳು ಬರೆದಿದ್ದಾಳೆ. ಆಮೇಲೆ ಅಮ್ಮ ಹೋಗಿದ್ದು, ಗಂಡನ ಕಾಯಿಲೆ, ರಾತ್ರಿ ನಿದ್ದೆ ಬರದೇ ಇರುವುದು, ಮನೆ ಯಾವ ಬೀದಿಯಲ್ಲಿದೆ ಅನ್ನುವುದು, ಎಲ್ಲವನ್ನೂ ಗೆಳತಿಗೆ ಹೇಳುವ ಹಾಗೆ ಹೇಳಿಕೊಂಡಿದ್ದಾಳೆ. ಅದನ್ನು ನಾನು ಓದಿದೆ. ಐದನೇ ಪುಟಕ್ಕೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಅದು ನನ್ನ ತಪ್ಪೇ.

ಏಜೆನ್ಸಿಯವರನ್ನು ಕೇಳಿದರೆ, "ಎಲ್ಲರೂ ಹೀಗೇ ಮಾಡೋದು ಸರ್, ನಿಮಗೆ ವಿಳಾಸ ಬೇಕಿತ್ತು ತಾನೇ?" ಅಂದರು. ಇದು ಸಣ್ಣ ವಿಷಯ ಅಲ್ಲ. ಫೋನು, ಕಂಪ್ಯೂಟರ್ ಬಳಸಿ ಬೇರೆಯವರ ಸೋಗು ಹಾಕಿ ಮೋಸ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಅಸಲಿ ಗೆಳತಿ ಮೈಸೂರಿನಲ್ಲಿದ್ದಾರೆ. ಅವರ ನಂಬರ್ ಹಳೇ ಸಹಪಾಠಿಯೊಬ್ಬರ ಹತ್ತಿರ ಒಂದೇ ಫೋನಿಗೆ ಸಿಕ್ಕಿತು. ಈ ಕೆಲಸ ಮೊದಲೇ ಮಾಡಬಹುದಿತ್ತು ಅಲ್ವಾ? ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಅವಳಿಗೆ ನಾನೇ ಹೇಳ್ತೀನಿ, ನೀವು ಹೇಳಬೇಡಿ" ಅಂದರು. ತನ್ನ ಹೆಸರಿನ ನಕಲಿ ಖಾತೆ ಅಂತ ಅವರೇ ಫೇಸ್‌ಬುಕ್‌ಗೆ ರಿಪೋರ್ಟ್ ಮಾಡಿದರು, ಎರಡು ದಿನಕ್ಕೆ ಖಾತೆ ಹೋಯಿತು. ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೂ ಹೇಳಿದ್ದಾರೆ. ನನ್ನ ಹೆಸರನ್ನೂ ಕೊಡಿ ಅಂತ ನಾನೇ ಹೇಳಿದೆ.

ಅವಳಿಂದ ಏನೂ ಉತ್ತರ ಬಂದಿಲ್ಲ. ಬರಬೇಕು ಅಂತ ಕೇಳುವ ಹಕ್ಕೂ ನನಗಿಲ್ಲ. ಉಳಿದ 10,000 ನಾನು ಕೊಟ್ಟಿಲ್ಲ. ಕೊಟ್ಟಿದ್ದನ್ನು ವಾಪಸ್ಸೂ ಕೇಳಿಲ್ಲ. ಆ ಚಾಟ್ ಪೂರ್ತಿ ನಿಮ್ಮ ಕಂಪ್ಯೂಟರ್‌ನಿಂದ ಅಳಿಸಿದ್ದೀರಿ ಅಂತ ಸಹಿ ಹಾಕಿ ಬರೆದುಕೊಡಿ ಅಂತ ಕೇಳಿದ್ದೇನೆ. ಮೂರು ವಾರ ಆಯಿತು, ಇನ್ನೂ ಕೊಟ್ಟಿಲ್ಲ.