ವಿತರಕ, ಆನ್‌ಲೈನ್ ಮಾರುಕಟ್ಟೆ, ಏಜೆಂಟ್: ಹೊರದೇಶದಲ್ಲಿ ಮಾರಲು ನಮಗೆ ಒಗ್ಗಿದ ದಾರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಮಿಷನ್ ಏಜೆಂಟ್‌ಗೆ. ನಮ್ಮದು ಕ್ಯಾನ್ವಾಸ್ ಚೀಲ ಹೊಲಿಯುವ ಸಣ್ಣ ಘಟಕ. ಯುರೋಪಿನ ಒಂದು ದೇಶದಲ್ಲಿ ಕಾಲೂರಲು ಮೂರು ದಾರಿ ಹಿಡಿದು ನೋಡಿದೆವು. ಇಡೀ ದೇಶಕ್ಕೆ ಒಬ್ಬನೇ ವಿತರಕ, ಆಮೇಲೆ ಆನ್‌ಲೈನ್ ಮಾರುಕಟ್ಟೆ, ಕೊನೆಗೆ ಏಜೆಂಟ್. ಮೊದಲನೆಯದರಲ್ಲಿ ಕೈ ಸುಟ್ಟುಕೊಳ್ಳದಿದ್ದರೆ ಮೂರನೆಯದರ ಬೆಲೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಅಲ್ಲೇ ಸ್ವಂತ ಕಂಪನಿ ತೆರೆಯುವ ಮಾತು ನಮ್ಮಂಥವರಿಗಲ್ಲ. 1997ರಲ್ಲಿ ಜರ್ಮನಿಗೆ ಹೋದ ವಾಲ್‌ಮಾರ್ಟ್ ಅಷ್ಟು ದುಡ್ಡಿದ್ದೂ 2006ರಲ್ಲಿ ಅಂಗಡಿಗಳನ್ನು ಮಾರಿ ವಾಪಸ್ ಬಂತು. ಅದನ್ನು ಇಲ್ಲಿಗೇ ಬಿಡೋಣ.

ವಿತರಕನ ದಾರಿ ಶುರುವಿನಲ್ಲಿ ತುಂಬಾ ಹಾಯಾಗಿತ್ತು. ಒಂದೇ ಬಿಲ್ಲು, ಒಂದೇ ಲೋಡು, ದುಡ್ಡು ಮುಂಗಡ. ದಾಸ್ತಾನು, ಭಾಷೆ, ಅಂಗಡಿಗಳಿಂದ ಬಾಕಿ ವಸೂಲಿ ಎಲ್ಲಾ ಅವರ ತಲೆನೋವು. ಎರಡನೇ ವರ್ಷ ಆರ್ಡರ್ ಅರ್ಧಕ್ಕಿಳಿಯಿತು. ಮೂರನೇ ವರ್ಷ ಬಂದಿದ್ದು ಒಂದೇ ಒಂದು. ವಿಚಾರಿಸಿದರೆ ಇನ್ನೊಂದು ಬ್ರ್ಯಾಂಡಿನ ಚೀಲವನ್ನೂ ಅವರು ತರಿಸಲು ಶುರು ಮಾಡಿದ್ದರು. ನಾವು ಆ ದೇಶದಲ್ಲಿ ಬೇರೆ ಯಾರಿಗೂ ಮಾರುವಂತಿಲ್ಲ ಅಂತ ಐದು ವರ್ಷಕ್ಕೆ ಸಹಿ ಹಾಕಿದ್ದೆವು. ಅವರು ವರ್ಷಕ್ಕೆ ಕನಿಷ್ಠ ಇಷ್ಟು ಕೊಳ್ಳಲೇಬೇಕು ಅನ್ನುವ ಸಾಲು ಮಾತ್ರ ಒಪ್ಪಂದದಲ್ಲಿ ಇರಲೇ ಇಲ್ಲ. ಅದನ್ನು ಬರೆಸಬೇಕಿದ್ದವರು ನಾವೇ.

ಆಗಲೇ ಒಂದು ಅಂಗಡಿಯಿಂದ ನೇರವಾಗಿ ಇಮೇಲ್ ಬಂತು. ಕಿಟಕಿಯಲ್ಲಿ ನೇತುಹಾಕಿದ ನಮ್ಮ ಚೀಲದ ಫೋಟೋ, ಕೆಳಗೆ ಒಂದು ಸಾಲು: ಇದೇ ಹಸಿರಿನಲ್ಲಿ ನಲವತ್ತು ಬೇಕು, ಕೊಡ್ತೀರಾ? ಒಪ್ಪಂದದ ಪ್ರಕಾರ ಅದನ್ನು ವಿತರಕರಿಗೆ ಕಳಿಸಿಕೊಟ್ಟೆ. ಅವರು ಅಂಗಡಿಗೆ ಉತ್ತರವನ್ನೇ ಬರೆಯಲಿಲ್ಲ.

ದೊಡ್ಡ ಪೆಟ್ಟು ಬಿದ್ದಿದ್ದು ಬಿಡಿಸಿಕೊಳ್ಳಲು ಹೊರಟಾಗ. ವಕೀಲರು ಆ ದೇಶದ ಟ್ರೇಡ್‌ಮಾರ್ಕ್ ದಾಖಲೆ ತೆಗೆದು ನೋಡಿದರು. ನಮ್ಮ ಹೆಸರು, ನಾನೇ ಪೆನ್ಸಿಲ್‌ನಲ್ಲಿ ಬರೆದ ಸೂಜಿದಾರದ ಗುರುತು, ಎರಡೂ ವಿತರಕರ ಹೆಸರಿನಲ್ಲಿ ನೋಂದಣಿಯಾಗಿದ್ದವು! ಟ್ರೇಡ್‌ಮಾರ್ಕ್ ಹಕ್ಕು ಸಿಗುವುದು ದೇಶ ದೇಶಕ್ಕೆ ಬೇರೆ ಬೇರೆಯಾಗಿ. ಎಷ್ಟೋ ದೇಶಗಳಲ್ಲಿ ಮೊದಲು ಅರ್ಜಿ ಹಾಕಿದವರದೇ ಮೇಲುಗೈ. ಚೀನಾದಲ್ಲಿ ಐಪ್ಯಾಡ್ ಹೆಸರು ಬಿಡಿಸಿಕೊಳ್ಳಲು ಆ್ಯಪಲ್‌ನಂಥ ಕಂಪನಿಯೇ 2012ರಲ್ಲಿ 6 ಕೋಟಿ ಡಾಲರ್ ಕೊಟ್ಟಿತು.

ನಮ್ಮ ಪುಣ್ಯ, ಟ್ರೇಡ್‌ಮಾರ್ಕ್, ಪೇಟೆಂಟ್‌ನಂಥ ಹಕ್ಕುಗಳ ಬಗ್ಗೆ ದೇಶಗಳು ಮಾಡಿಕೊಂಡ 1883ರ ಪ್ಯಾರಿಸ್ ಒಪ್ಪಂದದಲ್ಲಿ ಇಂಥದ್ದಕ್ಕೆಂದೇ ಈಗ ಒಂದು ಕಲಮು ಇದೆ. ಮಾಲೀಕರ ಒಪ್ಪಿಗೆ ಇಲ್ಲದೆ ಅವರ ಪ್ರತಿನಿಧಿಯೇ ಗುರುತನ್ನು ತನ್ನ ಹೆಸರಿಗೆ ಬರೆಸಿಕೊಂಡರೆ ರದ್ದು ಮಾಡಿಸಲು ದಾರಿ ಉಂಟು. ಹಳೇ ಇಮೇಲ್, ಲೇಬಲ್ ಹೊಲಿಸಿದ ಬಿಲ್ಲು, ಎಲ್ಲಾ ಜೋಡಿಸಿ ಕೊಟ್ಟೆವು. ಕೊನೆಗೆ ಅವರು ಬಿಟ್ಟುಕೊಟ್ಟರು, ಆದರೆ ಅಷ್ಟರಲ್ಲಿ ಏಳು ತಿಂಗಳು ಕಳೆದಿತ್ತು. ಅಷ್ಟೂ ದಿನ ನಮ್ಮದೇ ಹೆಸರು ಹೊತ್ತ ಸರಕನ್ನು ಅಲ್ಲಿಗೆ ಕಳಿಸಲು ನಮಗೇ ಭಯ. ನೀವು ಸ್ವದೇಶದಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ 6 ತಿಂಗಳೊಳಗೆ ಹೊರದೇಶದಲ್ಲೂ ಹಾಕಿದರೆ ಸ್ವದೇಶದ ಅರ್ಜಿಯ ತಾರೀಖೇ ಲೆಕ್ಕಕ್ಕೆ ಬರುತ್ತದೆ. ಟ್ರೇಡ್‌ಮಾರ್ಕ್‌ನ ಅಂತರರಾಷ್ಟ್ರೀಯ ನೋಂದಣಿಗಿರುವ ಮ್ಯಾಡ್ರಿಡ್ ವ್ಯವಸ್ಥೆಯಲ್ಲಿ ಒಂದೇ ಅರ್ಜಿಯಲ್ಲಿ ಹಲವು ದೇಶ ಕೇಳಬಹುದು. ಮೊದಲ ಸ್ಯಾಂಪಲ್ ಕಳಿಸುವ ಮುಂಚೆ ಈ ಕೆಲಸ ಮುಗಿಸಿ, ದಯವಿಟ್ಟು.

ಆನ್‌ಲೈನ್ ಮಾರುಕಟ್ಟೆ ಬೇಗ ಶುರುವಾಗುತ್ತದೆ. ಯಾವ ಬಣ್ಣ ಓಡುತ್ತದೆ ಅಂತ ಎರಡೇ ವಾರದಲ್ಲಿ ತಿಳಿಯಿತು. ಆದರೆ ಕೊಂಡವರು ಯಾರು ಅಂತ ಮಾತ್ರ ಕೊನೆಗೂ ತಿಳಿಯಲಿಲ್ಲ. ಗಿರಾಕಿ ಆ ತಾಣದವರು, ನಮ್ಮವರಲ್ಲ. ಜಾಹೀರಾತಿಗೆ ದುಡ್ಡು ಸುರಿಯುವುದು ನಿಲ್ಲಿಸಿದ ದಿನವೇ ಮಾರಾಟವೂ ನಿಲ್ಲುತ್ತಿತ್ತು. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡವರು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು. ವಾಪಸ್ ಬಂದ ಚೀಲವನ್ನು ನಮ್ಮಲ್ಲಿಗೆ ತರಿಸುವ ಖರ್ಚು ಚೀಲದ ಬೆಲೆಗಿಂತ ಜಾಸ್ತಿ. ಅದೂ ಅಲ್ಲದೆ 2024ರ ಡಿಸೆಂಬರ್ 13ರಿಂದ ಹೊಸ ಸುರಕ್ಷತಾ ನಿಯಮ ಬಂದಿದೆ. ಸರಕಿಗೆ ಜವಾಬ್ದಾರರಾದ ಒಬ್ಬರು ಒಕ್ಕೂಟದೊಳಗೇ ಇರಬೇಕು, ಅವರ ವಿಳಾಸ ಲೇಬಲ್ಲಿನಲ್ಲೋ ಪ್ಯಾಕಿನ ಮೇಲೋ ಕಾಣಬೇಕು.

ಇನ್ನು ಏಜೆಂಟ್. ವಿತರಕರು ನಮ್ಮಿಂದ ಕೊಂಡು ತಮ್ಮ ಬೆಲೆಗೆ ಮಾರುತ್ತಾರೆ. ಏಜೆಂಟ್ ಕೊಳ್ಳುವುದಿಲ್ಲ, ಅಂಗಡಿ ಅಂಗಡಿ ಸುತ್ತಿ ಆರ್ಡರ್ ತರುತ್ತಾರೆ. ಬಿಲ್ಲು ನಮ್ಮಿಂದ ನೇರ ಅಂಗಡಿಗೆ ಹೋಗುತ್ತದೆ. ಬೆಲೆ ನಾವು ಇಟ್ಟಿದ್ದೇ. ಅಂಗಡಿಗಳ ಹೆಸರೆಲ್ಲಾ ನಮ್ಮ ಪುಸ್ತಕದಲ್ಲೇ ಇರುತ್ತವೆ. ಆ ಹಸಿರು ಚೀಲ ಕೇಳಿದ್ದ ಅಂಗಡಿಗೂ ಕಳಿಸಿದೆವು, ನಲವತ್ತರ ಬದಲು ಅರವತ್ತು.

ನಮ್ಮ ಏಜೆಂಟ್ ಮೊದಲ ತಿಂಗಳು ಬರೆದ ವರದಿ ಇನ್ನೂ ಇಟ್ಟುಕೊಂಡಿದ್ದೇನೆ. "ಹಿಡಿ ಗಿಡ್ಡ. ಚಳಿಗಾಲದ ದಪ್ಪ ಕೋಟು ಹಾಕಿಕೊಂಡರೆ ಹೆಗಲಿಗೆ ಏರುವುದಿಲ್ಲ. ಗಿರಾಕಿ ಕನ್ನಡಿ ಮುಂದೆ ಒಮ್ಮೆ ಎಳೆದು ನೋಡಿ, ಇಟ್ಟು ಹೋಗುತ್ತಾರೆ." ಮೂರು ವರ್ಷ ಅದೇ ಚೀಲ ಮಾರಿದ ವಿತರಕರು ಇದನ್ನು ನಮಗೆ ಒಮ್ಮೆಯೂ ಹೇಳಿರಲಿಲ್ಲ. ಹಿಡಿಯನ್ನು 5 ಸೆಂಟಿಮೀಟರ್ ಉದ್ದ ಮಾಡಿದೆವು, ಅಷ್ಟೇ. ಮುಂದಿನ ಚಳಿಗಾಲಕ್ಕೆ ಅವೇ ಅಂಗಡಿಗಳು ಮತ್ತೆ ಕೇಳಿದವು.

ಇದರಲ್ಲೂ ಕಷ್ಟ ಇಲ್ಲ ಅಂತಲ್ಲ. ಬಾಕಿ ವಸೂಲಿ ಈಗ ನಮ್ಮ ತಲೆಗೆ, ಎರಡು ಅಂಗಡಿ ಇನ್ನೂ ದುಡ್ಡು ಕೊಟ್ಟಿಲ್ಲ. ಏಜೆಂಟನ್ನು ಸುಮ್ನೆ ಬಿಡಿಸುವಂತೆಯೂ ಇಲ್ಲ. ಯುರೋಪಿನ 1986ರ ನಿರ್ದೇಶನದ ಪ್ರಕಾರ ಪರಿಹಾರ ಕೊಡಬೇಕಾಗಬಹುದು. ಕೆಲವು ದೇಶಗಳಲ್ಲಿ ಅದು ಒಂದು ವರ್ಷದ ಸರಾಸರಿ ಕಮಿಷನ್‌ವರೆಗೂ ಹೋಗುತ್ತದೆ.

ನನಗೆ ದಿನಾ ಬೆಳಿಗ್ಗೆ ಕೂತು ನಾಲ್ಕು ಪತ್ರ ಬರೆಯುವ ಅಭ್ಯಾಸ ಇದೆ, ಸಣ್ಣ ಸಣ್ಣ ಪಾರ್ಸೆಲ್ ಕಟ್ಟಿಸಲು ಬೇಸರವಿಲ್ಲ. ಕಮಿಷನ್ ಕೊಡುವುದು ದುಡ್ಡು ಬಂದ ಮೇಲಾದ್ದರಿಂದ ಮೊದಲೇ ಬಂಡವಾಳ ಹೂಡುವ ಗೋಜೂ ಇಲ್ಲ. ಲೋಡು ಕಳಿಸಿ ಮರೆತುಬಿಡಬೇಕು ಅನ್ನುವವರಿಗೆ ವಿತರಕರೇ ಸರಿ. ಆದರೆ ಒಪ್ಪಂದ ಒಂದೇ ವರ್ಷಕ್ಕಿರಲಿ, ಕನಿಷ್ಠ ಖರೀದಿಯ ಸಾಲು ಅದರಲ್ಲಿರಲಿ, ಟ್ರೇಡ್‌ಮಾರ್ಕ್ ಅದಕ್ಕೂ ಮುಂಚೆಯೇ ನಿಮ್ಮ ಹೆಸರಿಗಿರಲಿ.